ಶೇಷಮ್ಮನ ಜಗಲಿಯಲ್ಲಿ ಹಾಡಿದ ಹಾಡು

ಶಿಕಾರಿಪುರದಲ್ಲಿ ದಯಾಮಣಿಯನ್ನು ಜನ ಎರಡು ಕಾರಣಕ್ಕೆ ಹುಡುಕಿಕೊಂಡು ಬರುತ್ತಿದ್ದರು. ಒಂದು ರವಿಕೆ ಹೊಲಿಸಲು, ಇನ್ನೊಂದು ಹಾಡಿಸಲು. ಈಗ ರವಿಕೆಗೆ ಮಾತ್ರ ಬರುತ್ತಾರೆ. ಹಾಡಿನ ಮಾತೆತ್ತಿದರೆ ಅವಳು ಯಂತ್ರದ ಚಕ್ರ ಜೋರಾಗಿ ತಿರುಗಿಸುತ್ತಾಳೆ, ಬಂದವರು ಕೇಳಿಸಲಿಲ್ಲವೇನೋ ಎಂದುಕೊಂಡು ಅಳತೆ ಕೊಟ್ಟು ಹೋಗುತ್ತಾರೆ. ಅವಳಿಗೆ ಚೆನ್ನಾಗಿ ಕೇಳಿಸಿರುತ್ತದೆ. ಊರಿನಲ್ಲಿ ಅಷ್ಟು ಒಳ್ಳೆಯ ಕಿವಿ ಇನ್ನೊಂದಿರಲಿಲ್ಲ.

ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇದ್ದದ್ದು ಒಂದು ಹೊಲಿಗೆ ಯಂತ್ರ, ತಗಡಿನ ಸೂರಿನ ಒಂದು ಸಣ್ಣ ಕ್ರೈಸ್ತ ಸಭೆ ಮತ್ತು ಭಾನುವಾರದ ಆರಾಧನೆ. ಸಭೆಯೆಂದರೆ ಪೇಟೆಯವರು ದೊಡ್ಡದೇನೋ ಅಂದುಕೊಳ್ಳಬೇಕಿಲ್ಲ. ಎಲ್ಲರೂ ಬಂದರೂ ಅರ್ಧ ಚಾಪೆ ಖಾಲಿ ಉಳಿಯುತ್ತಿತ್ತು. ಆದರೆ ದಯಾಮಣಿ ಬಾಯಿ ತೆರೆದರೆ ರಸ್ತೆಯಲ್ಲಿ ಹೋಗುವವರು ಸೈಕಲ್ಲಿನಿಂದ ಇಳಿಯುತ್ತಿದ್ದದ್ದು ಸುಳ್ಳಲ್ಲ.

ಇಂಥ ಸಭೆಗಳಲ್ಲಿ ಹಾಡು ಕಟ್ಟುವುದಕ್ಕೆ ಒಂದು ರೀತಿಯಿದೆ. ಹೊಸ ರಾಗ ಹುಡುಕುತ್ತ ಯಾರೂ ಕೂರುವುದಿಲ್ಲ. ಊರಿಗೆಲ್ಲ ಗೊತ್ತಿರುವ ಯಾವುದೋ ಪದದ ಧಾಟಿ ಎತ್ತಿಕೊಂಡು, ಅದರ ಮಾತು ತೆಗೆದು, ದೇವರ ಮಾತು ಕೂರಿಸುತ್ತಾರೆ. ಹಾಡಿನ ನೆತ್ತಿಯ ಮೇಲೆ ಧಾಟಿ ಇಂಥದ್ದು ಎಂದು ಬರೆದರೆ ಮುಗಿಯಿತು, ಅಕ್ಷರ ಬಾರದ ಮುದುಕಿಯರೂ ಮೊದಲ ಸಲಕ್ಕೇ ದನಿಗೂಡಿಸುತ್ತಾರೆ. ಈ ಕೆಲಸದಲ್ಲಿ ದಯಾಮಣಿಯ ಕೈ ಪಳಗಿತ್ತು. ಸೋಬಾನೆ, ಜೋಗುಳ, ನಾಟಿ ಮಾಡುವಾಗಿನ ಪದ, ಯಾವುದನ್ನೂ ಬಿಟ್ಟವಳಲ್ಲ. ಪಕ್ಕದ ಮನೆಯ ಪರಮಶಿವಪ್ಪನವರು ಒಮ್ಮೆ ಜಗಲಿಯಲ್ಲಿ ಕೂತು ತೊಡೆ ತಟ್ಟುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿ, "ಏನ್ರೀ ದಯಾಮಣಿ, ನಮ್ ಭಜನೆ ಪದಾನೂ ಹೊತ್ಕಂಡು ಹೋದ್ರಾ?" ಎಂದು ಕೇಳಿದ್ದರು.

"ಪದ ನಿಮ್ಮತ್ರನೇ ಐತ್ರೀ. ಧಾಟಿ ಅಷ್ಟೇ ಕಡ ತಗಂಡೀನಿ" ಅಂದಿದ್ದಳು ಇವಳು.

ಧಾಟಿಗೆ ಪಾಪವಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ತೊಳೆದಿಟ್ಟ ಪಾತ್ರೆಯ ಹಾಗೆ ಅದು, ಏನು ತುಂಬಿದರೂ ಅದೇ ಆಗುತ್ತದೆ ಅನ್ನುತ್ತಿದ್ದಳು. ಅದೇ ಪಾತ್ರೆಗೆ ಇನ್ನೊಬ್ಬರೂ ಏನಾದರೂ ತುಂಬಬಹುದು ಎಂದು ಯೋಚಿಸುವ ಪ್ರಸಂಗ ಅವಳಿಗೆ ಬಂದಿರಲಿಲ್ಲ.

ಅವಳು ಹುಟ್ಟಿ ಬೆಳೆದದ್ದು ಸೊರಬ ತಾಲ್ಲೂಕಿನಲ್ಲಿ, ಚಂದ್ರಗುತ್ತಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಹಳ್ಳಿಯ ಹೆಸರು ಬರೆಯುವುದಿಲ್ಲ, ಈಗಾಗಲೇ ಬೇಕಾದಷ್ಟು ಜನ ಅದರ ಹೆಸರು ಕೆಡಿಸಿದ್ದಾರೆ. ಅವಳ ಅಪ್ಪ ಅಲ್ಲಿ ಸರ್ಕಾರಿ ಶಾಲೆಯ ಮೇಷ್ಟರಾಗಿದ್ದರು. ಸಂಜೆ ಹೊತ್ತು ಹೆಣ್ಣುಮಕ್ಕಳಿಗೆ ಕೋಲಾಟ ಕಲಿಸುತ್ತಿದ್ದರು. ದಯಾಮಣಿಯ ಎದುರು ಕೋಲು ಹಿಡಿದು ನಿಲ್ಲುತ್ತಿದ್ದವಳು ಶೇಷಮ್ಮ. ಶೇಷಮ್ಮ ಆ ಊರಿನಲ್ಲೇ ರಾಜಪ್ಪನನ್ನು ಮದುವೆಯಾಗಿ ಉಳಿದಳು, ದಯಾಮಣಿ ಶಿಕಾರಿಪುರ ಸೇರಿದಳು. ಶೇಷಮ್ಮನ ಎದುರುಮನೆಗೆ ಬಳೆ ವ್ಯಾಪಾರದ ವಲೀಸಾಬ್‌ನ ಹೆಂಡತಿಯಾಗಿ ಬಂದವಳು ಇಮಾಂಬೀ. ದಯಾಮಣಿ ತವರಿಗೆ ಹೋದಾಗಲೆಲ್ಲ ಮೂವರೂ ಶೇಷಮ್ಮನ ಜಗಲಿಯಲ್ಲಿ ಕೂತು, ಇಮಾಂಬೀ ಬಳೆ ಇಡುತ್ತ, ಉಳಿದಿಬ್ಬರು ಕೈ ನೋಯಿತೆಂದು ಅವಳನ್ನು ಬಯ್ಯುತ್ತ ಮಧ್ಯಾಹ್ನ ಕಳೆಯುತ್ತಿದ್ದರು.

ಆಮೇಲೆ ಆ ವರ್ಷದ ಗಣಪತಿ ಬಿಡುವ ಮೆರವಣಿಗೆ ಬಂತು. ಮಸೀದಿಯ ತಿರುವಿನಲ್ಲಿ ಡಿಜೆ ನಿಂತಿತು, ಮುಂದೆ ಹೋಗಲಿಲ್ಲ. ಮಾತಿಗೆ ಮಾತು ಬೆಳೆಯಿತು, ಕಲ್ಲು ಬಿದ್ದವು. ಮೊದಲ ಕಲ್ಲು ಯಾರದು ಎಂದು ಇವತ್ತಿಗೂ ಊರಿನಲ್ಲಿ ಎರಡು ಕಥೆಯಿದೆ, ಎರಡನ್ನೂ ಹೇಳುವವರು ಆಣೆ ಹಾಕಿಯೇ ಹೇಳುತ್ತಾರೆ. ಶೇಷಮ್ಮನ ಒಬ್ಬನೇ ಮಗ ಗಿರೀಶ ತಲೆಗೆ ಏಟು ಬಿದ್ದು ಸತ್ತ. ವಲೀಸಾಬ್‌ನ ಬಳೆ ಅಂಗಡಿ ಸುಟ್ಟು ಹೋಯಿತು. ಯಾರದೋ ಫೋನಿನ ವಿಡಿಯೋದಲ್ಲಿ ಇಮಾಂಬೀಯ ಮಗ ಅಸ್ಲಂ ಗಿರೀಶನ ಕೊರಳಪಟ್ಟಿ ಹಿಡಿದು ಎಳೆಯುತ್ತಿರುವುದು ಕಾಣುತ್ತಿತ್ತು. ಹಿಡಿದು ಹೊಡೆದ ಎಂದರು ಒಂದು ಕಡೆಯವರು. ಕಲ್ಲು ಬೀಳುವಲ್ಲಿಂದ ಗೆಳೆಯನನ್ನು ಆಚೆ ಎಳೆದುಕೊಳ್ಳಲು ಹೋದ ಎಂದರು ಇನ್ನೊಂದು ಕಡೆಯವರು. ಪೊಲೀಸರು ವಿಡಿಯೋ ನೋಡಿ ಅಸ್ಲಂನನ್ನು ಕರೆದುಕೊಂಡು ಹೋದರು. ಜಾಮೀನು ಸಿಗಲಿಲ್ಲ.

ಆ ಹೊತ್ತಿನಲ್ಲಿ ಶೇಷಮ್ಮ ತನ್ನ ಜಗಲಿಯ ಮೇಲೆ ನಿಂತಿದ್ದಳು. ಆ ತಿರುವು ಅಲ್ಲಿಗೆ ನೇರ ಕಾಣುತ್ತದೆ. ಏನು ನಡೆಯಿತೆಂದು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ಅವಳೇ. ಆದರೆ ಅವಳು ಅದರ ಬಗ್ಗೆ ಗಂಡನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಮಗ ಹೋದ ಮೇಲೆ ಒಂದು ಹನಿ ಅತ್ತಿರಲೂ ಇಲ್ಲ.

ಹೀಗಿರುವಾಗ ಶಿವಮೊಗ್ಗದ ಕಡೆಯಿಂದ ಪ್ರಭುದಾಸ ಪಾಸ್ಟರ್ ದಯಾಮಣಿಯ ಮನೆಗೆ ಬಂದರು. ಅವರದೊಂದು ಹಾಡಿನ ತಂಡವಿತ್ತು. ಗಲಭೆಯಾದ ಊರು, ಕೇರಿ ಕೇರಿಗೆ ಹೊಡೆದಾಟವಾದ ಊರು, ಇಂಥಲ್ಲಿಗೆ ಹೋಗಿ ನೊಂದವರ ಮನೆಯಲ್ಲಿ ಹಾಡಿ ಬರುವುದು ಅವರ ಸೇವೆ. ಬೋಧನೆ ಮಾಡುವುದಿಲ್ಲ, ಕರಪತ್ರ ಹಂಚುವುದಿಲ್ಲ, ಕರೆಯದೆ ಹೊಸ್ತಿಲು ದಾಟುವುದಿಲ್ಲ. ಒಳ್ಳೆಯ ಮನುಷ್ಯ ಪ್ರಭುದಾಸ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುವಾಗ ಅವರ ಮೇಲೆ ಸಿಟ್ಟು ಬರುತ್ತದೆ. ನನಗೂ ಬಂದಿದೆ.

"ಹಾಡಿದ್ರೆ ಸುಟ್ಟ ಅಂಗಡಿ ವಾಪಸ್ ಬರ್ತೈತೇನ್ರೀ ಪಾಸ್ಟ್ರೇ?" ಎಂದಳು ದಯಾಮಣಿ.

"ಅಂಗಡಿ ಬರಲ್ಲ ಅಕ್ಕ. ಆದ್ರೆ ಅಳು ಬಂದ್ರೆ ಮಾತು ಬರುತ್ತೆ. ನಾನು ಕಣ್ಣಲ್ಲಿ ನೋಡಿದ್ದೀನಿ."

ಆ ಒಂದು ಮಾತು ಅವಳೊಳಗೆ ಹೊಕ್ಕು ಕೂತಿತು. ಶೇಷಮ್ಮನಿಗೆ ಕೋರ್ಟಿನ ಕರೆ ಇನ್ನೇನು ಬರುವುದರಲ್ಲಿತ್ತು. ಅವಳು ಒಂದು ಸಲ ಅತ್ತರೆ, ಗಂಟಲಿನ ಬೀಗ ಕಳಚಿದರೆ, ಕಂಡದ್ದನ್ನು ಹೇಳಿಯಾಳು. ಹೇಳಿದರೆ ಅಸ್ಲಂ ಮನೆಗೆ ಬಂದಾನು. ದಯಾಮಣಿ ಅಸ್ಲಂನನ್ನು ಎತ್ತಿ ಆಡಿಸಿದವಳು, ಗಿರೀಶನನ್ನೂ ಆಡಿಸಿದವಳು. ಒಬ್ಬನಂತೂ ಹೋದ, ಇನ್ನೊಬ್ಬನಾದರೂ ಉಳಿಯಲಿ ಎಂದು ರಾತ್ರಿ ಹಗಲು ಪ್ರಾರ್ಥಿಸಿದಳು.

ಮೊದಲು ಒಬ್ಬಳೇ ಹೋಗಿ ಶೇಷಮ್ಮನನ್ನು ಕಂಡಳು. ಶೇಷಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಂಡದ ವಿಷಯ ಕೇಳುತ್ತ ಒಂದು ಕಲ್ಲು ಆರಿಸಿ ಆಚೆ ಎಸೆದಳು.

"ಹಾಡದಾದ್ರೆ ಬಾರೆ, ಬ್ಯಾಡ ಅನ್ನದಿಲ್ಲ" ಎಂದಳು ಕೊನೆಗೆ. "ಆದ್ರೆ ನಿನ್ ದೇವ್ರ ಹೆಸ್ರು ತಗೀಬ್ಯಾಡ ಮಾರಾಯ್ತಿ. ದೇವ್ರ ಹೆಸ್ರಲ್ಲೇ ಇಷ್ಟೆಲ್ಲ ಆತು."

"ತಗಿಯಲ್ಲ ಕಣೆ ಶೇಷಿ. ಕೋರ್ಟಿಂದ ಕರೆ ಬಂತಾ?"

"ಬರ್ತದೆ" ಎಂದಳು ಶೇಷಮ್ಮ, ಮತ್ತೆ ಅಕ್ಕಿಗೆ ಕಣ್ಣು ಹಾಕಿದಳು. ದಯಾಮಣಿಗೆ ಅದು ಬಾಗಿಲು ಹಾಕಿದ ಹಾಗೆ ಕಂಡಿತು.

ಎದುರಿಗೇ ಇಮಾಂಬೀಯ ಮನೆ. ಒಂದು ಹೆಜ್ಜೆ ಹೋಗಿ ಮಾತಾಡಿಸಬಹುದಿತ್ತು. ಆದರೆ ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಹುಡುಗರು ಯಾರು ಎಲ್ಲಿಗೆ ಹೋಗುತ್ತಾರೆಂದು ನೋಡುತ್ತಲೇ ಇದ್ದರು. ಅಲ್ಲಿಗೆ ಹೋದದ್ದು ಗೊತ್ತಾದರೆ ಇಲ್ಲಿಯ ಜಗಲಿ ತಪ್ಪಿಹೋದೀತು ಎಂದು ಹೆದರಿ ದಯಾಮಣಿ ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದಳು. ಇಮಾಂಬೀ ಕಿಟಕಿಯಿಂದ ನೋಡಿದ್ದನ್ನು ಅವಳೂ ನೋಡಿದ್ದಳು. ಸಮಾಧಾನವಾದ ಮೇಲೆ ಮೊದಲು ಅವಳ ಮನೆಗೇ ಹೋಗುತ್ತೇನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಹಾಡು ಕಟ್ಟಲು ಕೂತಾಗ ಧಾಟಿಗಾಗಿ ತಡಕಾಡಬೇಕಾಗಲಿಲ್ಲ. ಅಪ್ಪ ಕಲಿಸಿದ್ದ ಕೋಲಾಟದ ಪದ, ಶೇಷಮ್ಮನೂ ಅವಳೂ ಎದುರುಬದುರು ನಿಂತು ಕುಣಿದ ಪದ. ಅದನ್ನು ಕೇಳಿದರೆ ಎಂಥ ಕಲ್ಲೂ ಕರಗಬೇಕು ಎಂದುಕೊಂಡಳು. ಕುಣಿತದ ಓಟವನ್ನು ನಿಧಾನ ಮಾಡಿ ಮಾತು ಕೂರಿಸಿದಳು:

ಗಾಯದ ಮೇಲೆ ಕೈಯಿಡು ತಂದೆ,
ಬಾಯಿಲ್ಲದ ನೋವಿಗೆ ಬಾಯಾಗು ತಂದೆ.

ದೇವರ ಹೆಸರಿರಲಿಲ್ಲ, ಕೊಟ್ಟ ಮಾತಿಗೆ ತಪ್ಪಿರಲಿಲ್ಲ. ಬರೆದು ಮುಗಿಸಿ, ಒಬ್ಬಳೇ ಹಾಡಿಕೊಂಡು, ಒಬ್ಬಳೇ ಅತ್ತಳು. ಅಷ್ಟು ಒಳ್ಳೆಯ ಹಾಡು ತನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಅದೂ ಸುಳ್ಳಲ್ಲ.

ತಂಡ ಹೋದದ್ದು ಬಿಸಿಲು ಇಳಿಯುವ ಹೊತ್ತಿಗೆ. ಪ್ರಭುದಾಸ, ಕೀಬೋರ್ಡು ನುಡಿಸುವ ತೀರ್ಥೇಶ, ದನಿಗೂಡಿಸಲು ಮತ್ತು ಫೋನಿನಲ್ಲಿ ವಿಡಿಯೋ ಹಿಡಿಯಲು ಪವಿತ್ರ ಎಂಬ ಹುಡುಗಿ. ಶೇಷಮ್ಮ ಜಗಲಿಯಲ್ಲಿ ಚಾಪೆ ಹಾಸಿ ತಾನು ಗೋಡೆಗೆ ಒರಗಿ ಕೂತಳು. ರಾಜಪ್ಪ ಕಂಬದ ಹತ್ತಿರ ಮುದುರಿಕೊಂಡು ಕೂತ. ಅಕ್ಕಪಕ್ಕದ ನಾಲ್ಕಾರು ಹೆಂಗಸರು ಬಂದರು, ಕಟ್ಟೆಯ ಹುಡುಗರು ರಸ್ತೆಯಲ್ಲೇ ನಿಂತರು. ಮೊದಲ ಒಂದೆರಡು ಹಾಡು ಸುಮ್ಮನೆ ಸಾಗಿದವು. ಶೇಷಮ್ಮನ ಮುಖ ಸಡಿಲವಾಗಿತ್ತು, ಒಮ್ಮೆ ಒಳಗೆ ಹೋಗಿ ಎಲ್ಲರಿಗೂ ನೀರು ತಂದುಕೊಟ್ಟಳು.

ಆಮೇಲೆ ತೀರ್ಥೇಶ ಕೋಲಾಟದ ಧಾಟಿ ಎತ್ತಿದ.

ಹೆಂಗಸರಲ್ಲೊಬ್ಬಳು ಸೆರಗು ಬಾಯಿಗೆ ಹಿಡಿದಳು. ರಸ್ತೆಯ ಹುಡುಗರ ಮಾತು ನಿಂತಿತು. ಕಣ್ಣು ಮುಚ್ಚಿ ಹಾಡುತ್ತಿದ್ದ ದಯಾಮಣಿಗೆ ಇದೊಂದೂ ಕಾಣಲಿಲ್ಲ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಶೇಷಮ್ಮನ ಕಡೆಯಿಂದ ಒಂದು ಶಬ್ದ ಬಂತು. ಹೊಟ್ಟೆಯ ಒಳಗಿಂದ ಕಿತ್ತುಕೊಂಡು ಬಂದಂಥ ಅಳು. ದಯಾಮಣಿ ಕಣ್ಣು ಬಿಟ್ಟಳು. ಶೇಷಮ್ಮ ಅಳುತ್ತಿದ್ದಾಳೆ, ಗೋಡೆಗೆ ತಲೆ ತಾಗಿಸಿ ತಾಗಿಸಿ ಅಳುತ್ತಿದ್ದಾಳೆ. ಬಂತಲ್ಲ ಸ್ವಾಮಿ, ಕೊನೆಗೂ ಬಂತಲ್ಲ ಎಂದು ದಯಾಮಣಿಯ ಎದೆ ತುಂಬಿತು. ಅವಳು ದನಿ ಏರಿಸಿದಳು. ಪವಿತ್ರ ಫೋನು ಹಿಡಿದುಕೊಂಡು ಹತ್ತಿರ ಹೋದಳು.

"ಸಾಕ್ ಮಾಡ್ರಿ" ಎಂದ ರಾಜಪ್ಪ. ಯಾರಿಗೂ ಕೇಳಿಸಲಿಲ್ಲ. ಅವನು ಎದ್ದು ಬಂದು ಕೀಬೋರ್ಡಿನ ಮೇಲೆ ಕೈಯೂರಿದ. ಎಲ್ಲ ಸ್ವರಗಳೂ ಒಟ್ಟಿಗೆ ಕಿರುಚಿ ಹಾಡು ನಿಂತಿತು.

ಶೇಷಮ್ಮ ಕಣ್ಣೊರೆಸಿಕೊಂಡು ದಯಾಮಣಿಯನ್ನೇ ನೋಡಿದಳು. "ಯಾರೇ ಹೇಳಿದ್ದು ನಿಂಗೆ, ಈ ಧಾಟಿ ಹಾಡು ಅಂತ?"

"ನಮ್ ಕೋಲಾಟದ್ದಲ್ವೇನೆ ಶೇಷಿ? ಅಪ್ಪ ಕಲ್ಸಿದ್ದು."

"ಯಾರ್ ಹೇಳಿದ್ದು ಅಂತ ಕೇಳಿದ್ದು ನಾನು." ಶೇಷಮ್ಮನ ಕಣ್ಣು ಎದುರುಮನೆಯ ಮೇಲೆ ಹೋಗಿ ನಿಂತಿತು. "ಗೊತ್ತಾತು ಬಿಡು. ಅವ್ಳೇ ಹೇಳಿದ್ದು. ನನ್ ಮುಂದೆ ತಲೆ ಆಡ್ಸಿ, ಹಿಂದಿಂದ ನಿನ್ನ ಕರ್ಕಂಡ್ ಬಂದು ಹಾಡ್ಸಿದ್ಲು." ಎದ್ದು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ದಯಾಮಣಿ ಬಾಗಿಲು ತಟ್ಟಿದಳು, ಆಣೆ ಹಾಕಿದಳು, ಶೇಷಿ ಶೇಷಿ ಎಂದು ಕರೆದಳು. ಹುಡುಗರು ಜಗಲಿ ಹತ್ತಿರ ಬರತೊಡಗಿದ್ದರಿಂದ ರಾಜಪ್ಪನೇ ಇವರನ್ನು ವ್ಯಾನಿನವರೆಗೆ ಕರೆದುಕೊಂಡು ಹೋದ.

ದಾರಿಯಲ್ಲಿ ಅವನು ವಿಷಯ ಹೇಳಿದ. ಬಯ್ಯಲಿಲ್ಲ, ದಣಿದವನ ಹಾಗೆ ಹೇಳಿದ.

"ನಿಮ್ಗೆ ಗೊತ್ತಿಲ್ಲ ಕಾಣ್ತದೆ ದಯಾಮಣಿಯವ್ರೆ. ಅವತ್ತು ಮೆರವಣಿಗೇಲಿ ಹಾಡಿದ್ದು ಇದೇ ಧಾಟಿ. ಮಾತು ಬೇರೆ. ಸಾಬರ ಹೆಂಗಸ್ರ ಮೇಲೆ ಕಟ್ಟಿದ್ದು, ಬಾಯಲ್ಲಿ ಹೇಳಂಥದ್ದಲ್ಲ. ಮಸೀದಿ ಹತ್ರ ನಿಲ್ಸಿ ನಿಲ್ಸಿ ಹಾಡಿದ್ರು. ಮೈಕು ನಮ್ ಗಿರೀಶನ ಕೈಲೇ ಇತ್ತು. ಕಟ್ಟಿದ್ದೂ ಅವ್ನೇ. ನಿಮ್ ಹಂಗೇ, ಅವ್ನಿಗೂ ಪದ ಕಟ್ಟೋ ಹುಚ್ಚು. ಧಾಟಿ ಅವರವ್ವನೇ ಕಲ್ಸಿದ್ದು ಸಣ್ಣವಿದ್ದಾಗ."

ದಯಾಮಣಿ ವ್ಯಾನಿನ ಬಾಗಿಲು ಹಿಡಿದುಕೊಂಡು ಬಂದ ದಾರಿಯನ್ನೇ ನೋಡುತ್ತ ನಿಂತಳು. ಪ್ರಭುದಾಸರು ಕೈ ಹಿಡಿದು ಕೂರಿಸಿದರು. "ಆ ತಾಯಿ ಅತ್ತರಲ್ಲ ಅಕ್ಕ. ಅಷ್ಟು ದಿನದ್ದು ಒಳಗೇ ಇತ್ತು. ದೇವರು ಮುಟ್ಟಿದ್ದಾನೆ" ಎಂದರು. ಅವರು ರಾಜಪ್ಪನ ಮಾತು ಕೇಳಿಸಿಕೊಂಡಿರಲಿಲ್ಲ, ಸಾಮಾನು ಹೊತ್ತುಕೊಂಡು ಮುಂದೆ ಬಂದುಬಿಟ್ಟಿದ್ದರು. ದಯಾಮಣಿ ಹೇಳಲಿಲ್ಲ.

ಕೋರ್ಟಿನ ದಿನ ಬಂತು. ಅಷ್ಟರೊಳಗೆ ದಯಾಮಣಿ ಹಲವು ಸಲ ಆ ಊರಿಗೆ ಹೋಗಿ ಬಂದಿದ್ದಳು. ಶೇಷಮ್ಮ ಒಂದು ಸಲವೂ ಅಗುಳಿ ತೆಗೆದಿರಲಿಲ್ಲ. ಆದರೂ ದಯಾಮಣಿ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಅಸ್ಲಂ ಇಳಿದುಹೋಗಿದ್ದ, ಅಂಗಿ ಭುಜದಿಂದ ಜಾರುತ್ತಿತ್ತು. ಶೇಷಮ್ಮ ಕಟಕಟೆಗೆ ಬಂದಾಗ ಅವನು ರೂಢಿಯಂತೆ ಕೈಮುಗಿದ. ಅವಳು ನೋಡಲಿಲ್ಲ. ಅಸ್ಲಂ ಪರ ವಕೀಲರು ಮೆತ್ತಗೆ ಕೇಳಿದರು, ಆ ಹೊತ್ತಿನಲ್ಲಿ ನೀವು ಜಗಲಿಯಲ್ಲಿ ಇದ್ದಿರಲ್ಲವೇ ಅಮ್ಮ, ಈ ಹುಡುಗ ನಿಮ್ಮ ಮಗನನ್ನು ಉಳಿಸಲು ಎಳೆದದ್ದನ್ನು ಕಂಡಿರಲ್ಲವೇ ಎಂದು.

"ಇಲ್ಲ. ನಾನು ಒಳಗಿದ್ದೆ. ಎಂತದೂ ಕಂಡಿಲ್ಲ" ಎಂದಳು ಶೇಷಮ್ಮ. ಎಲ್ಲರಿಗೂ ಕೇಳುವ ಹಾಗೆ, ಸ್ಪಷ್ಟವಾಗಿ ಹೇಳಿದಳು.

ಹೊರಗೆ ಜೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ ಇಮಾಂಬೀ ಕೂತಿದ್ದಳು. ದಯಾಮಣಿ ಪಕ್ಕದಲ್ಲಿ ಕೂತಳು.

"ನೀನು ಹಾಡಕ್ ಬರೋಕ್ ಮುಂಚೆ, ನಲ್ಲಿ ಹತ್ರ ಶೇಷಕ್ಕ ಸಿಕ್ಕಿದ್ಲು" ಎಂದಳು ಇಮಾಂಬೀ. "ಕೊಡ ತುಂಬಿಸ್ಕಂತಾನೇ ಹೇಳಿದ್ಲು. ಇಮಾಂಬೀ, ಕೋರ್ಟಲ್ಲಿ ನಾನು ಕಂಡಿದ್ದೇ ಹೇಳ್ತೀನಿ, ಅಸ್ಲಂ ಎಳ್ದಿದ್ದು ಉಳಿಸಕ್ಕೆ, ಅಷ್ಟು ಹೇಳ್ತೀನಿ. ಆದ್ರೆ ನನ್ ಮಗ ಎಂತ ಹಾಡ್ತಿದ್ದ ಅನ್ನೋದು ನಿಮ್ ಕಡೆಯೋರ ಬಾಯಿಂದ ಯಾವತ್ತೂ ಬರಬಾರ್ದು. ಸತ್ತೋನ ಮಾನ ಉಳ್ಸಿ ಕೊಡು ಅಂದ್ಲು. ನಾನು ತಲೆ ಆಡ್ಸಿದೆ. ನಮ್ಮನೆಯೋರಿಗೂ ಹೇಳಿರ್ಲಿಲ್ಲ ದಯಕ್ಕ. ಮಾತು ಅಂದ್ರೆ ಮಾತು ಅಂತ ಬಾಯಿ ಹೊಲ್ಕಂಡಿದ್ದೆ."

ದಯಾಮಣಿ ಮಾಡಹೊರಟಿದ್ದ ಕೆಲಸ ಆಗಲೇ ಆಗಿಹೋಗಿತ್ತು. ನಲ್ಲಿಯ ಹತ್ತಿರ, ಎರಡು ಕೊಡಗಳ ನಡುವೆ, ಯಾವ ತಂಡವೂ ಇಲ್ಲದೆ, ಇಬ್ಬರು ತಾಯಂದಿರು ಅದನ್ನು ಮುಗಿಸಿಕೊಂಡಿದ್ದರು. ಅದರ ಮೇಲೆ ತಾನು ಹೋಗಿ ಹಾಡಿದ್ದಳು.

"ನಂಗ್ಯಾರೂ ಹೇಳಿಲ್ಲ ಇಮಾಂಬೀ. ಯೇಸುವಿನಾಣೆ ಯಾರೂ ಹೇಳಿಲ್ಲ. ಆ ಧಾಟಿ ನಂದೂ ಅಂತ ಹಾಡ್ದೆ."

"ಗೊತ್ತು ದಯಕ್ಕ. ನಂಗೆ ಗೊತ್ತು. ಶೇಷಕ್ಕಂಗೆ ಯಾರ್ ಹೇಳ್ತಾರೆ?" ಇಮಾಂಬೀ ಎದ್ದು ಸೆರಗು ಸರಿಮಾಡಿಕೊಂಡಳು. "ಇನ್ನು ನಮ್ಮನೆ ಕಡೆ ಬರ್ಬೇಡ. ಸಿಟ್ಟಿಂದ ಹೇಳ್ತಿಲ್ಲ. ನೀ ಬಂದ್ರೆ ಆ ಹಾಡು ನೆನಪಾಗ್ತದೆ."

ಪ್ರಭುದಾಸರಿಗೆ ದಯಾಮಣಿ ಎಲ್ಲವನ್ನೂ ಹೇಳಿದಳು. ಅವರು ಮುಖ ಮುಚ್ಚಿಕೊಂಡು ಕೂತರು. ಪವಿತ್ರ ಇಂಟರ್ನೆಟ್ಟಿಗೆ ಹಾಕಿದ್ದ ಹಾಡಿನ ವಿಡಿಯೋವನ್ನು ಅಂದೇ ತೆಗೆಸಿಹಾಕಿದರು. ಆದರೆ ಅದು ಅಷ್ಟರಲ್ಲಿ ಎಲ್ಲೆಲ್ಲಿಗೋ ಹೋಗಿಬಿಟ್ಟಿತ್ತು. ಮಗನನ್ನು ಕಳೆದುಕೊಂಡ ತಾಯಿ ಹಾಡು ಕೇಳಿ ಅತ್ತು ಹಗುರಾದಳು ಎಂದು ಯಾರೋ ಮೇಲೆ ಬರೆದಿದ್ದರು. ರಾಜಪ್ಪನ ಕೈ ಕೀಬೋರ್ಡಿಗೆ ಬೀಳುವ ಮುಂಚೆಯೇ ವಿಡಿಯೋ ಮುಗಿಯುತ್ತಿತ್ತು. ಆ ಹಾಡನ್ನು ಭದ್ರಾವತಿಯ ಸಭೆಗಳಲ್ಲಿ ಹಾಡಿದರು, ದಾವಣಗೆರೆಯಲ್ಲಿ ಹಾಡಿದರು. ಹಾಡು ಒಳ್ಳೆಯದಿತ್ತು ನೋಡಿ, ಬಾಯಿಗೆ ಬೇಗ ಹತ್ತಿತು.

ಅಸ್ಲಂಗೆ ಜೀವಾವಧಿ ಶಿಕ್ಷೆಯಾದ ಸುದ್ದಿ ಬಂದ ಮೇಲಿನ ಭಾನುವಾರ ದಯಾಮಣಿ ಆರಾಧನೆಗೆ ಹೋದಳು. ಮನೆಯಲ್ಲಿ ಕೂರಲು ಆಗಲಿಲ್ಲ, ಇನ್ನೆಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಮೂಲೆಯ ಚಾಪೆಯಲ್ಲಿ ಗೋಡೆಗೆ ಒರಗಿದಳು. ಅವಳು ಬಂದಳೆಂಬ ಸಂತೋಷಕ್ಕೆ, ಅವಳಿಗೆ ಮರ್ಯಾದೆ ಮಾಡಬೇಕೆಂದು, ಮುಂದಿದ್ದ ಹುಡುಗಿಯರು ಅವಳ ಹಾಡನ್ನೇ ಎತ್ತಿಕೊಂಡರು. ಚಪ್ಪಾಳೆ ಸೇರಿತು. ಮುದುಕಿಯರೆಲ್ಲ ಮೊದಲ ಸಾಲಿಗೇ ದನಿಗೂಡಿಸಿದರು.

"ನಿಲ್ಸ್ರಿ" ಎಂದಳು ದಯಾಮಣಿ. ಚಪ್ಪಾಳೆಯ ನಡುವೆ ಅದು ಯಾರಿಗೂ ಕೇಳಿಸಲಿಲ್ಲ. ಎದ್ದು ನಿಂತಳು, ಎರಡೂ ಕೈ ಎತ್ತಿ ಬೇಡ ಬೇಡ ಎಂದಳು. ಕೈ ಎತ್ತಿದ್ದನ್ನು ಕಂಡವರು ತಾವೂ ಕೈ ಎತ್ತಿದರು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ದೇವರು ದಯಾಮಣಿಯನ್ನು ಮುಟ್ಟಿದ್ದಾನೆ ಎಂದು ಪಕ್ಕದವಳು ಅವಳ ಭುಜ ತಬ್ಬಿಕೊಂಡು, ಇನ್ನೂ ಗಟ್ಟಿಯಾಗಿ ಹಾಡಿದಳು.